ಹಸಿರು ಗಾಡಿಯ ಗಾಳಿ

"ಗಾಳಿ ಸರಿ ಐತಿ, ನಾ ನೋಡೀನಿ" ಎಂದು ನಾನು ಮಹಾದೇವಿಗೆ ಹೇಳಿದ್ದು ಸುಳ್ಳು. ಗಾಡಿಯ ಟೈರಿನ ಗಾಳಿ ಸರಿ ಇರಲಿಲ್ಲ. ನಾನು ನೋಡಿಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ—ಸುತ್ತಿ ಬಳಸಿ ಬರಲು ಹೋದರೆ ನಡುವೆ ಎಲ್ಲೋ ನನ್ನ ಪರವಾಗಿ ನಾನೇ ವಕೀಲಿಕೆ ಶುರು ಮಾಡುತ್ತೇನೆ. ಆ ಚಟ ನನಗಿದೆ. ಎಂಟೊಂಬತ್ತು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ, ಈಗ ಸಾಕಾಗಿದೆ.

ನಾನು ರಾಯಚೂರು ಕಡೆಯವನು. ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆಯಿತು. ಸದ್ಯಕ್ಕೆ ನನ್ನ ಹೊಟ್ಟೆಪಾಡು ಏನೆಂದರೆ, ಮಾದಾಪುರದ ಇಂಜಿನಿಯರುಗಳು ಹಳೆಯ ಕಾರು ಕೊಳ್ಳುವ ಮುಂಚೆ ಅದನ್ನು ಓಡಿಸಿ ನೋಡಿ, ತಗೊಳ್ಳಿ ಎಂದೋ ಬೇಡ ಎಂದೋ ಹೇಳುವುದು. ಅವರು ನನ್ನ ಮಾತನ್ನು ಕಣ್ಣುಮುಚ್ಚಿ ನಂಬುತ್ತಾರೆ. "ಅಂಕಲ್, ನೀವು ಓಕೆ ಅಂದರೆ ಓಕೆ" ಎನ್ನುತ್ತಾರೆ. ಹಾಗೆ ಅಂದಾಗಲೆಲ್ಲ ನಾನು ಬಾನೆಟ್ಟಿನೊಳಗೆ ತಲೆ ತೂರಿಸಿ ಏನನ್ನೋ ಹುಡುಕುವವನಂತೆ ನಟಿಸುತ್ತೇನೆ.

ಆಗ ನಾನು ಕಾರುಗಳ ವಿಡಿಯೋ ಮಾಡುವ ಒಂದು ಸಣ್ಣ ತಂಡದಲ್ಲಿದ್ದೆ. ತಂಡ ವಂಶಿಯದು—ತೆಲುಗಿನವನು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಅವನಲ್ಲದೆ ಇನ್ನಿಬ್ಬರು ಚಾಲಕರು, ಒಬ್ಬ ಕ್ಯಾಮೆರಾದವನು, ನಾನು, ಮಹಾದೇವಿ. ನಮ್ಮ ಕಾರ್ಯಕ್ರಮದಲ್ಲಿ ಜನ ಹೆಚ್ಚು ನೋಡುತ್ತಿದ್ದದ್ದು ಒಂದೇ: ಮೂರು ಸ್ಪೋರ್ಟ್ಸ್ ಕಾರುಗಳನ್ನು ಶ್ರೀಶೈಲದ ಘಾಟಿಗೆ ಒಯ್ದು, ಯಾವುದು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಹೋಲಿಸುವುದು. ನೇರ ರಸ್ತೆಯಲ್ಲಿ ದುಬಾರಿ ಗಾಡಿಗಳೆಲ್ಲ ಒಳ್ಳೆಯವೇ. ಹೈದರಾಬಾದಿನ ವರ್ತುಲ ರಸ್ತೆಯಲ್ಲಿ ಯಾರು ಓಡಿಸಿದರೂ ಅವು ಹಾರುತ್ತವೆ. ಘಾಟಿನಲ್ಲಿ ಹಾಗಲ್ಲ. ಅಲ್ಲಿ ಗಾಡಿಯ ಗುಣವೂ ಗೊತ್ತಾಗುತ್ತದೆ, ಓಡಿಸುವವನದೂ ಗೊತ್ತಾಗುತ್ತದೆ.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಎಲ್ಲರೂ ಎಲ್ಲ ಗಾಡಿಗಳನ್ನೂ ಅವೇ ತಿರುವುಗಳಲ್ಲಿ ಓಡಿಸಬೇಕು. ಇಳಿದವರು ಬಾಯಿ ಬಿಡಬಾರದು. ಒಬ್ಬನ ಮಾತು ಇನ್ನೊಬ್ಬನ ಕೈಗೆ ಅಂಟಿಕೊಳ್ಳುತ್ತದೆ ಎಂದು ವಂಶಿಯ ವಾದ, ಅದು ನಿಜವೂ ಹೌದು. ಎಲ್ಲರ ಸರದಿ ಮುಗಿದ ಮೇಲೆ ದೋಮಲಪೆಂಟದ ಚಹಾದಂಗಡಿಯ ಮುಂದೆ ಕೂತು, ಕ್ಯಾಮೆರಾ ಹಚ್ಚಿ, ಒಬ್ಬೊಬ್ಬರಾಗಿ ಹೇಳಬೇಕು.

ಇನ್ನೊಂದು ಕಟ್ಟಳೆ ನನಗೆ ಸೇರಿದ್ದು. ಕಾರುಗಳನ್ನು ನಾವು ಯಾರಿಂದಲೋ ಎರವಲು ತರುತ್ತಿದ್ದೆವು, ಹೊರಡುವ ದಿನದವರೆಗೆ ಶಂಶಾಬಾದಿನ ಒಂದು ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದೆವು. ಹೆಚ್ಚು ದಿನ ನಿಲ್ಲುವ ಗಾಡಿಯ ಟೈರುಗಳಿಗೆ ಗಾಳಿ ಜಾಸ್ತಿ ತುಂಬಿಡುತ್ತಾರೆ—ಇಲ್ಲದಿದ್ದರೆ ಭಾರ ಒಂದೇ ಕಡೆ ಕೂತು ರಬ್ಬರು ಚಪ್ಪಟೆಯಾಗುತ್ತದೆ. ಓಡಿಸುವ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಆ ಹೆಚ್ಚಿನ ಗಾಳಿ ಬಿಟ್ಟು, ಗಾಡಿಯ ಬಾಗಿಲ ಒಳಗಡೆ ಅಂಟಿಸಿದ ಅಂಕಿಗೆ ತರಬೇಕು. ಇದನ್ನು ಮಾಡುತ್ತಿದ್ದವನು ನಾನು. ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ—ಸ್ವಲ್ಪವೇನು, ಸಾಕಷ್ಟು—ಜಂಬವಿತ್ತು. ಗಾಳಿ ಒತ್ತಿ ತುಂಬಿದ ಟೈರು ರಸ್ತೆಯನ್ನು ಹಿಡಿಯುವುದಿಲ್ಲ, ಅದರ ಮೇಲೆ ಪುಟಿಯುತ್ತದೆ ಎಂದು ಕ್ಯಾಮೆರಾದ ಮುಂದೆ ಎಷ್ಟೋ ಸಲ ಪಾಠ ಹೇಳಿದ್ದೇನೆ.

ಮಹಾದೇವಿಯನ್ನು ತಂಡಕ್ಕೆ ತಂದವನೂ ನಾನೇ. ಕಲಬುರಗಿ ಕಡೆಯ ಮನೆತನ, ತಂದೆಯ ನೌಕರಿಯಿಂದಾಗಿ ತಾರ್ನಾಕದಲ್ಲಿ ಬೆಳೆದವಳು. ಮನೆಯಲ್ಲಿ ನಮ್ಮ ಕಡೆಯ ಕನ್ನಡ, ಬಾಗಿಲು ದಾಟಿದರೆ ತೆಲುಗು. ತಂಡದಲ್ಲಿ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಕನ್ನಡ ಬರುತ್ತಿರಲಿಲ್ಲ. ನನ್ನನ್ನು ಅಣ್ಣಾರ ಎಂದು ಕರೆಯುತ್ತಿದ್ದಳು. ನಾನು ಕಲಿಸಿದ್ದು ಮೊದಲ ಮೂರು ತಿಂಗಳು ಮಾತ್ರ. ಆಮೇಲೆ ಅವಳು ಓಡಿಸುವುದನ್ನು ಪಕ್ಕದ ಸೀಟಿನಲ್ಲಿ ಕೂತು ನೋಡಿದರೆ ನನಗೇ ಏನೋ ಕಲಿಯುವಂತಿರುತ್ತಿತ್ತು. ಅವಸರವಿಲ್ಲ, ಗಾಡಿಯನ್ನು ಜಗ್ಗುವುದಿಲ್ಲ. ವಂಶಿ ಬರಬರುತ್ತಾ ಮೊದಲು ಅವಳ ಅಭಿಪ್ರಾಯ ಕೇಳಿ, ಆಮೇಲೆ ನನ್ನ ಕಡೆ ತಿರುಗತೊಡಗಿದ್ದ. ನಾನು ಅದನ್ನು ಗಮನಿಸಿದ್ದೆ. ಗಮನಿಸಿಲ್ಲ ಎಂಬಂತೆ ಇರುವುದರಲ್ಲಿ ನಾನು ನಿಸ್ಸೀಮ.

ಆ ಸಲ ಮೂರು ಗಾಡಿಗಳು. ಒಂದು ಕೆಂಪು ಜಪಾನಿ, ಎರಡೇ ಸೀಟಿನದು, ಹಗುರ. ಸೈಕಲ್ಲು ಹೊಡೆದ ಹಾಗೆ—ನೀವು ಆ ಕಡೆ ನೋಡಿದರೆ ಸಾಕು, ಅದು ಆ ಕಡೆ ಹೊರಳುತ್ತಿತ್ತು. ಎರಡನೆಯದು ಬಿಳಿಯ ಅಮೆರಿಕನ್, ಮುಂದೆ ದೊಡ್ಡ ಎಂಜಿನ್ನು, ಭಾರದ ಮೂಗು. ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಅದನ್ನು ಪ್ರತಿ ತಿರುವಿನಲ್ಲೂ ಒಪ್ಪಿಸಬೇಕು, ಒಪ್ಪಿದ ಮೇಲೆ ಮಾತ್ರ ಗತ್ತಿನಿಂದ ಬರುತ್ತಿತ್ತು. ಮೂರನೆಯದು ಹಸಿರು ಜರ್ಮನ್, ಹಳೆಯ ಮಾದರಿ. ಟೈರಿನ ಗಾಳಿ ತೋರಿಸುವ ಪರದೆಗಿರದೆ ಏನೂ ಇಲ್ಲ. ಎಂಜಿನ್ನು ಹಿಂದಿನ ಗಾಲಿಗಳಿಗಿಂತಲೂ ಹಿಂದೆ. ಇಂಥ ಗಾಡಿಯನ್ನು ತಿರುವಿನ ಮುಂಚೆಯೇ ನಿಧಾನಿಸಿ, ಒಳಗೆ ಹೊಕ್ಕ ಮೇಲೆ ಆಕ್ಸಿಲರೇಟರಿನ ಮೇಲೆ ಕಾಲನ್ನು ಹದವಾಗಿ ಇಟ್ಟೇ ಇರಬೇಕು. ನಡುವೆ ಹೆದರಿ ಕಾಲು ತೆಗೆದಿರೋ, ಹಿಂಭಾಗ ಹೊರಗೆ ಬೀಸುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮಹಾದೇವಿಯ ಮೇಲೆ ಹೊರಿಸಿದ ತಪ್ಪು ಇದೇ.

ಬೆಳಿಗ್ಗೆ ಶೆಡ್ಡಿನಲ್ಲಿ ಕೆಂಪು ಗಾಡಿಯ ಗಾಳಿ ಸರಿಮಾಡಿದೆ, ಬಿಳಿಯದರದೂ ಮಾಡಿದೆ. ಅಷ್ಟರಲ್ಲಿ ಚಹಾ ಬಂತು. ಹೌದು, ಅಷ್ಟೇ. ಸಾವು ನೋವಿನ ಸುದ್ದಿಯಲ್ಲ, ಜಗಳವಲ್ಲ—ಚಹಾ. ಕುಡಿದೆ, ಯಾರೋ ಏನೋ ತಮಾಷೆ ಮಾಡಿದರು, ನಕ್ಕೆ, ಕ್ಯಾಮೆರಾದವನು ಬೆಳಕು ಹೋಗುತ್ತದೆ ನಡೆಯಿರಿ ಎಂದ. ಕ್ಯಾಮೆರಾದ ಮುಂದೆ ನಿಂತು "ಮೂರೂ ಗಾಡಿಗಳ ಗಾಳಿ ನೋಡಿದ್ದೇವೆ" ಎಂದು ತೆಲುಗಿನಲ್ಲಿ ಹೇಳಿದೆ. ಆಗ ಅದು ಸುಳ್ಳಲ್ಲ, ಮರೆವು. ಮರೆವಿಗೆ ಕ್ಷಮೆಯಿದೆ ಎಂದು ನಾನು ಈಗಲೂ ನಂಬುತ್ತೇನೆ. ಅಲ್ಲಿಗೇ ನಿಂತಿದ್ದರೆ—

ನಿಲ್ಲಲಿಲ್ಲ. ಗಾಡಿಗಳನ್ನು ಲಾರಿಯ ಮೇಲೆ ಒಯ್ದು ಘಾಟಿನಲ್ಲಿ ಇಳಿಸಿದೆವು. ಹಸಿರು ಗಾಡಿಯ ಮೊದಲ ಸರದಿ ಮಹಾದೇವಿಯದು. ಈಗಲಪೆಂಟದ ಕಡೆ ಇಳಿದು, ತಿರುಗಿಸಿಕೊಂಡು ಮೇಲೆ ಬಂದಳು. ಇಳಿಯುವಾಗ ಅವಳ ಮುಖ ಬಿಳಿಚಿಕೊಂಡಿತ್ತು. ಕಟ್ಟಳೆಯ ಪ್ರಕಾರ ಏನೂ ಹೇಳುವಂತಿಲ್ಲ. ವಂಶಿ ಮತ್ತು ಉಳಿದವರು ಹತ್ತು ಹೆಜ್ಜೆ ಆಚೆ ನಿಂತು ಮಂಗಗಳಿಂದ ಬಿಸ್ಕತ್ತು ಕಾಪಾಡಿಕೊಳ್ಳುತ್ತಿದ್ದರು. ಅವಳು ನನ್ನ ಹತ್ತಿರ ಬಂದು, ಮೆಲ್ಲಗೆ, ಕನ್ನಡದಲ್ಲಿ ಕೇಳಿದಳು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಗಾಡಿ ಹಿಂದಿಂದು ಕುಣಿಯಾಕತ್ತೈತ್ರಿ. ಒಂದು ತಿರುವಿನಾಗ ರಸ್ತೆ ಅಂಚಿನ ಕಟ್ಟಿ ತನಕಾ ಹೋತು. ಗಾಳಿ ಏನರ ಹೆಚ್ಚಾಗೇತೇನ್ರಿ?"

ಅವಳು ಯಾಕೆ ಕನ್ನಡದಲ್ಲಿ ಕೇಳಿದಳೆಂದು ನನಗೆ ಆ ಕ್ಷಣವೇ ತಿಳಿದಿತ್ತು. ನನ್ನ ಮಾನ ಕಾಯಲು. ಗಾಳಿ ನೋಡುವವನು ನಾನು, ತಪ್ಪಾಗಿದ್ದರೆ ನಾಲ್ಕು ಜನರ ಎದುರು ಬಯಲಾಗದಿರಲಿ ಎಂದು. ಕೇಳಿದ ಕೂಡಲೇ ನನಗೆ ಬೆಳಗಿನ ಚಹಾ ನೆನಪಾಯಿತು, ಹಸಿರು ಗಾಡಿಯ ಹತ್ತಿರ ನಾನು ಕೂತೇ ಇಲ್ಲವೆಂಬುದು ನೆನಪಾಯಿತು. ಆ ಹೊತ್ತಿನಲ್ಲಿ ನಾನು "ಅಯ್ಯೋ, ಮರ್ತೆ ತಂಗಿ" ಎಂದಿದ್ದರೆ ಮುಗಿಯುತ್ತಿತ್ತು. ವಂಶಿ ಒಂದು ದಿನ ಬೈಯುತ್ತಿದ್ದ, ವಾರ ಗೇಲಿ ಮಾಡುತ್ತಿದ್ದ. ಅಷ್ಟೇ ಅಲ್ಲವೇ?

"ಗಾಳಿ ಸರಿ ಐತಿ, ನಾ ನೋಡೀನಿ" ಎಂದೆ. ಆಮೇಲೆ ಇನ್ನೂ ಒಂದು ಮಾತು ಸೇರಿಸಿದೆ. "ನಡುವ ಕಾಲು ತಗದಿಯೇನು?"

"ಇಲ್ರಿ, ನಾ ಕಾಲು ತಗದಿಲ್ಲ" ಎಂದಳು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಾನು ಅವಳಿಗೆ ಸುಳ್ಳು ಹೇಳಬಹುದು ಎಂಬ ಯೋಚನೆ ಅವಳಿಗೆ ಬಂದಿರಲಿಕ್ಕಿಲ್ಲ. ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತಳು.

ಮುಂದಿನ ಸರದಿ ವಂಶಿಯದು. ಅವನು ಚಹಾ ಮುಗಿಸುವುದರೊಳಗೆ ನಾನು ಹಸಿರು ಗಾಡಿಯ ಹತ್ತಿರ ಕೂತು ಮಾಪಕ ಹಚ್ಚಿದೆ. ಮುಳ್ಳು ಎಲ್ಲಿಗೋ ಹೋಗಿ ನಿಂತಿತು. ನಾಲ್ಕೂ ಟೈರಿನಿಂದ ಗಾಳಿ ಬಿಟ್ಟು ಸರಿಯಾದ ಮಟ್ಟಕ್ಕೆ ತಂದೆ. ನಾನು ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂರುವುದು ದಿನದ ನೋಟ, ಯಾರೂ ತಿರುಗಿ ನೋಡಲಿಲ್ಲ. ಒಂದು ಮಾತು ಸ್ಪಷ್ಟವಾಗಲಿ. ಅವಳು ಓಡಿಸುವಾಗ ಇದ್ದ ಅಪಾಯವನ್ನು ಅವನು ಓಡಿಸುವ ಮುಂಚೆ ನಾನು ತೆಗೆದುಹಾಕಿದೆ. ಅವಳು ಆ ಗಾಡಿಯೊಡನೆ ಕಣಿವೆಗೆ ಬಿದ್ದಿದ್ದರೆ ನಾನು ಏನು ಹೇಳುತ್ತಿದ್ದೆನೋ—ಗಾಳಿ ಸರಿ ಇತ್ತು ಎಂದೇ ಹೇಳುತ್ತಿದ್ದೆನೇನೋ. ಆ ಮನುಷ್ಯ ನಾನೇ ಆಗಿದ್ದೆ.

ವಂಶಿ ಓಡಿಸಿ ಬಂದ. ಇನ್ನಿಬ್ಬರು ಓಡಿಸಿದರು. ನಾನೂ ಓಡಿಸಿದೆ. ಗಾಡಿ ರಸ್ತೆಗೆ ಅಂಟಿಕೊಂಡಂತೆ ಬರುತ್ತಿತ್ತು. ಕ್ಯಾಮೆರಾ ಹಚ್ಚಿ ಕೂತಾಗ ವಂಶಿ "ಬಂಡಿ ಬಂಗಾರಂ!" ಎಂದು ಶುರು ಮಾಡಿದ. ಉಳಿದವರೂ ಅದನ್ನೇ ಹೇಳಿದರು. ನನ್ನ ಸರದಿ ಬಂದಾಗ ನಾನೂ ಹೊಗಳಿದೆ. ಕೊನೆಗೆ ಮಹಾದೇವಿ. ಬೇಕಾಗಿದ್ದರೆ ಅವಳೂ ಹೂಂಗುಟ್ಟಬಹುದಿತ್ತು. ಆದರೆ ತನಗೆ ಅನಿಸಿದ್ದನ್ನೇ ಹೇಳಿದಳು—ಹಿಂಭಾಗ ನಂಬುವಂತಿಲ್ಲ, ಇಳಿಜಾರಿನ ಎಡ ತಿರುವಿನಲ್ಲಿ ಹೊರಗೆ ಹೋಗುತ್ತದೆ, ಮೂರರಲ್ಲಿ ಇದಕ್ಕೆ ಕೊನೆಯ ಸ್ಥಾನ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವಂಶಿ ನಕ್ಕು "ಭಯಪಡಿ ಕಾಲು ತೀಸೇಸಿಂದಿ" ಎಂದ. ಹೆದರಿ ಕಾಲು ತೆಗೆದುಬಿಟ್ಟಳು ಎಂದು. ಅವಳು ನನ್ನ ಕಡೆ ನೋಡಿದಳು. ನಾನು ಗ್ಲಾಸಿನೊಳಗೆ ನೋಡಿದೆ.

ಇಷ್ಟಕ್ಕೇ ಅವಳು ಬಿಡಲಿಲ್ಲ. ಮತ್ತೊಮ್ಮೆ ಓಡಿಸುತ್ತೇನೆ ಎಂದಳು. ಅದು ಅವಳ ಪ್ರಾಮಾಣಿಕತನ, ಅದೇ ಅವಳಿಗೆ ಮುಳುವಾಯಿತು. ಅವೇ ತಿರುವುಗಳು, ಅದೇ ಗಾಡಿ—ಈ ಸಲ ಕೂದಲಷ್ಟೂ ಅಲುಗಲಿಲ್ಲ. ಮೇಲೆ ಬಂದು ನಿಲ್ಲಿಸಿ, ಸ್ಟೀರಿಂಗ್ ಮೇಲಿದ್ದ ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಇಳಿದು, ಎಲ್ಲರ ಮುಂದೆ ತೆಲುಗಿನಲ್ಲಿ, ತಪ್ಪು ನನ್ನದೇ ಎಂದಳು. ನನ್ನ ಹತ್ತಿರ ಬಂದು ಕನ್ನಡದಲ್ಲಿ, "ನಿಮ್ಮ ಮ್ಯಾಲ ಸಂಶೆ ಪಟ್ಟೆ ಅಣ್ಣಾರ, ತಪ್ಪಾತ್ರಿ" ಎಂದಳು. ನಾನು "ಇರ್ಲಿ ಬಿಡು" ಎಂದೆ. ನನ್ನನ್ನು ಅವಳು ಕ್ಷಮೆ ಕೇಳಿದಳು, ನಾನು ಕ್ಷಮಿಸಿದೆ—ಇದಕ್ಕಿಂತ ಹೇಸಿಗೆಯ ಕೆಲಸವನ್ನು ನಾನು ಬೇರೆ ಮಾಡಿಲ್ಲ.

ತಂಡದಲ್ಲಿ ಇನ್ನೊಂದು ರೂಢಿಯಿತ್ತು. ಘಾಟಿನಲ್ಲಿ ಯಾರು ಎಲ್ಲಿ ಎಡವಿದರೋ ಆ ತಿರುವಿಗೆ ಅವರ ಹೆಸರು. ವಂಶಿಯ ಹೆಸರಿನ ತಿರುವೂ ಒಂದಿತ್ತು, ಅಲ್ಲಿ ಅವನು ಬಂಪರ್ ಒಡೆದುಕೊಂಡಿದ್ದ. ಈಗ "ಮಾದೇವಿ ಮಲುಪು" ಹುಟ್ಟಿತು. ಮಲುಪು ಎಂದರೆ ತೆಲುಗಿನಲ್ಲಿ ತಿರುವು. ಹೊಸಬರು ಬಂದಾಗಲೆಲ್ಲ ಅಲ್ಲಿ ನಿಲ್ಲಿಸಿ, ಇಲ್ಲಿ ಒಬ್ಬಳು ಹೆದರಿ ಕಾಲು ತೆಗೆದಳು, ನೀವು ತೆಗೆಯಬೇಡಿ ಎಂದು ಪಾಠ. ನಾನೂ ಆ ಹೆಸರನ್ನು ಬಳಸಿದ್ದೇನೆ.

ಅವಳು ವರ್ಷದೊಳಗೆ ಕೆಲಸ ಬಿಟ್ಟಳು. ಯಾರೂ ಹೋಗು ಎನ್ನಲಿಲ್ಲ. ಘಾಟಿಗೆ ಹೊರಟಾಗ ಈ ಸಲ ಬೇಡ ಎನ್ನುತ್ತಿದ್ದಳು, ಮುಂದಿನ ಸಲವೂ ಬೇಡ ಎನ್ನುತ್ತಿದ್ದಳು. ವಿಮಾನ ನಿಲ್ದಾಣದ ಕಡೆ ಒಂದು ಆಫೀಸಿನಲ್ಲಿ ಸಾಮಾನು ಸಾಗಣೆಯ ಕೆಲಸಕ್ಕೆ ಸೇರಿದಳು. ತಾರ್ನಾಕದಿಂದ ಶಂಶಾಬಾದಿಗೆ ಕ್ಯಾಬಿನಲ್ಲಿ ಓಡಾಡುತ್ತಾಳೆ, ಹಿಂದಿನ ಸೀಟಿನಲ್ಲಿ. ಮದುವೆ, ನಾಮಕರಣಗಳಲ್ಲಿ ಸಿಗುತ್ತಿದ್ದಳು. ಅಣ್ಣಾರ ಎಂದು ಓಡಿಬರುತ್ತಿದ್ದಳು. ಗಾಡಿಯ ಮಾತು ನಾನು ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ. ಮರೆತಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಹೋದ ತಿಂಗಳು ಫೋನು ಮಾಡಿದಳು. ಹೊಸ ತಂಡವೊಂದರ ಹುಡುಗಿಯೊಬ್ಬಳು ಇವಳ ಹಳೆಯ ವಿಡಿಯೋಗಳನ್ನು ನೋಡಿ ಹುಡುಕಿಕೊಂಡು ಬಂದಿದ್ದಾಳೆ. ಹೆಂಗಸರೇ ಓಡಿಸುವ ಹೋಲಿಕೆ, ಶ್ರೀಶೈಲದ ಘಾಟು, ನೀವು ಬರಲೇಬೇಕು ಎಂದಿದ್ದಾಳೆ. ಮಾತಿನ ಭರದಲ್ಲಿ, ಶೂಟಿಂಗು ಮಾದೇವಿ ಮಲುಪಿನಲ್ಲಿ ಎಂದೂ ಹೇಳಿದ್ದಾಳೆ. ಆ ಮಾದೇವಿ ಇವಳೇ ಎಂದು ಆ ಹುಡುಗಿಗೆ ಗೊತ್ತಿಲ್ಲ.

"ಹೋಗಬೇಕಂತ ಭಾಳ ಅನಸ್ತೈತ್ರಿ ಅಣ್ಣಾರ" ಎಂದಳು. "ಆದ್ರ ನನ್ನ ಕೈ ಸುಳ್ಳು ಹೇಳ್ತಾವು. ಅವತ್ತು ಗಾಡಿ ಹೊರಗ ಹೋಗಾಕತ್ತೈತಿ ಅಂತ ಖರೇ ಅಂದ್ರ ಖರೇ ಅನಿಸಿತ್ತು ನನಗ. ಇಲ್ಲದ್ದು ಅನಸೋ ಕೈ ತಗೊಂಡು ಘಾಟಿನ್ಯಾಗ ಹೆಂಗ ಹೋಗಲಿ? ನೀವು ಹೇಳ್ರಿ, ಹೋಗಲೋ ಬ್ಯಾಡೋ."

ಮರೆತಿರಲಿಲ್ಲ. ಇಷ್ಟು ವರ್ಷ ತನ್ನ ಕೈಗಳನ್ನೇ ಅಪರಾಧಿಯ ಜಾಗದಲ್ಲಿ ನಿಲ್ಲಿಸಿಕೊಂಡು ಬದುಕಿದ್ದಾಳೆ. ಅವಳ ಕೈ ಸುಳ್ಳು ಹೇಳಿರಲಿಲ್ಲ, ನಾಲಿಗೆ ಹೇಳಿತ್ತು, ಅದೂ ನನ್ನದು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಮನೆಗೆ ಬರುತ್ತೇನೆ ಎಂದೆ. ಅದಾದ ಮೇಲೂ ಮೂರು ವಾರ ತಳ್ಳಿದೆ. ಮಂಡಿನೋವು ಎಂದೆ, ಗಿರಾಕಿ ಬಂದ ಎಂದೆ. ನನ್ನ ಗುಣ ಹೇಳಿದೆನಲ್ಲ.

ತಾರ್ನಾಕದ ಮನೆಯಲ್ಲಿ ಮಧ್ಯಾಹ್ನ ಕೂತು ಹೇಳಿದೆ. ಚಹಾ, ಶೆಡ್ಡು, ಮಾಪಕ, ಗಾಳಿ ಬಿಟ್ಟದ್ದು—ಎಲ್ಲವನ್ನೂ. ನೀನು ನನಗಿಂತ ಚೆನ್ನಾಗಿ ಓಡಿಸುತ್ತಿದ್ದದ್ದು ನನಗೆ ಚುಚ್ಚುತ್ತಿತ್ತು ಎಂಬುದನ್ನೂ ಹೇಳಿದೆ. ಅದನ್ನು ಹೇಳುವುದು ಗಾಳಿಯ ಮಾತಿಗಿಂತ ಕಷ್ಟವಾಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಎಷ್ಟಿತ್ತು ಗಾಳಿ?" ಎಂದು ಕೇಳಿದಳು.

ಹಿಂದಿನ ಗಾಲಿಗಳಲ್ಲಿ ಮೂವತ್ತಾರು ಇರಬೇಕಾದಲ್ಲಿ ಐವತ್ತು ದಾಟಿತ್ತು ಎಂದೆ.

ಅವಳು ತನ್ನ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. "ಹಂಗಾರ ನಾ ಕಾಲು ತಗದಿರಲಿಲ್ಲ" ಎಂದಳು. ನನಗಲ್ಲ, ತನಗೇ ಹೇಳಿಕೊಂಡಂತೆ. "ಐವತ್ತು ಗಾಳಿ ಮ್ಯಾಲ ಆ ಗಾಡಿ ನಾ ರಸ್ತೆ ಮ್ಯಾಲ ಉಳಿಸೀನಿ. ನಾನೂ ಮುಂದ ಮುಂದ, ತಗದಿರಬೇಕು ಬಿಡು ಅಂತ ನಂಬಿಬಿಟ್ಟಿದ್ದೆ ನೋಡ್ರಿ."

ನಾನು ಏನೋ ಹೇಳಲು ಹೋದೆ. ಅವಳು ಕೈಯೆತ್ತಿ ತಡೆದಳು.

"ಕನ್ನಡದಾಗ ಹೇಳಿದ್ದು ನನಗ ಮುಟ್ಟಿತು. ಅವತ್ತೂ ಕನ್ನಡದಾಗ ಹೇಳಿದ್ರಿ, ಯಾರಿಗೂ ತಿಳೀಲಿಲ್ಲ. ಯಾರ ಮುಂದ ನಾ ತೆಲುಗಿನಾಗ ತಪ್ಪು ನಂದು ಅಂದೇನೋ, ಅವರ ಮುಂದ ತೆಲುಗಿನಾಗ ಹೇಳ್ರಿ. ಆ ತಿರುವಿಗೆ ನನ್ನ ಹೆಸರು ಐತಿ, ಅದನ್ನ ತಗಸ್ರಿ."

ಮೊದಲು ವಂಶಿಯ ಹತ್ತಿರ ಹೋದೆ. ಎಲ್ಲ ಕೇಳಿ "ಇಂತೇನಾ ಅನ್ನಾ?" ಎಂದು ನಕ್ಕ. ಇಷ್ಟೇನಾ ಎಂದು. ಹಳೆಯ ಮಾತು, ಬಿಟ್ಟುಬಿಡಿ ಎಂದು ಬೆನ್ನು ತಟ್ಟಿದ. ನಿಜ ಹೇಳುತ್ತೇನೆ, ಅವನು ಬೆನ್ನು ತಟ್ಟಿದಾಗ ನನಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ಆಮೇಲೆ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮರುದಿನ ಮತ್ತೆ ಹೋದೆ. ಇಷ್ಟೇ ಅಲ್ಲ, ಕ್ಯಾಮೆರಾ ಹಚ್ಚು, ಅವತ್ತು ಹೇಳಿದ ಹಾಗೆಯೇ ಕ್ಯಾಮೆರಾದ ಮುಂದೆ ಹೇಳುತ್ತೇನೆ ಎಂದೆ. ಅವನು ನಗುವುದನ್ನು ನಿಲ್ಲಿಸಿದ. ಮಾದೇವಿ ಗಾರುಗೆ ನಾನು ಯಾವ ಮುಖ ತೋರಿಸಲಿ ಎಂದ. ಹಳೆಯ ಕ್ಯಾಮೆರಾದವನನ್ನೇ ಕರೆಸಿದ, ಅವರಿಬ್ಬರ ಎದುರು ತೆಲುಗಿನಲ್ಲಿ ಎಲ್ಲವನ್ನೂ ಹೇಳಿ, ಆ ತಿರುವಿಗೆ ಅವಳ ಹೆಸರು ಸಲ್ಲದು ಎಂದೂ ಸೇರಿಸಿದೆ.

ಉಳಿದಿಬ್ಬರು ಚಾಲಕರಲ್ಲಿ ಒಬ್ಬ ವಿಜಯವಾಡದಲ್ಲಿದ್ದಾನೆ, ಇನ್ನೊಬ್ಬ ದುಬೈಯಲ್ಲಿ. ಇಬ್ಬರಿಗೂ ಫೋನು ಮಾಡಿ ಹೇಳಿದ್ದೇನೆ. ಹೊಸ ತಂಡದ ಹುಡುಗಿಗೂ ಹೇಳಿದ್ದೇನೆ. ನನ್ನ ಮಾದಾಪುರದ ಗಿರಾಕಿಗಳು ಆ ವಿಡಿಯೋ ನೋಡಿದರೆ ನನ್ನ ಓಕೆಗೆ ಬೆಲೆ ಉಳಿಯಲಿಕ್ಕಿಲ್ಲ. ಉಳಿಯದಿದ್ದರೆ ಇಲ್ಲ.

ಬರುವ ಭಾನುವಾರ ಮಹಾದೇವಿ ಘಾಟಿಗೆ ಹೋಗುತ್ತಿದ್ದಾಳೆ. ಅದನ್ನು ತಿಳಿಸಲು ಅವಳು ಫೋನು ಮಾಡಿದಾಗ, ಬಾಯಿ ತಪ್ಪಿಯೋ ಹಳೆಯ ಅಭ್ಯಾಸದಿಂದಲೋ, ಬೆಳಿಗ್ಗೆ ಗಾಳಿ ನೋಡಲು ನಾನು ಬರಲೇನು ಎಂದು ಕೇಳಿಬಿಟ್ಟೆ.

"ಬ್ಯಾಡ್ರಿ" ಎಂದಳು. "ನಾನ ನೋಡ್ಕೋತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ, ರೀ ಎಂಬುದನ್ನೂ ಬಿಟ್ಟಿರಲಿಲ್ಲ. ಆದರೆ ಆ ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಅವಳು ನನ್ನನ್ನು ಅಣ್ಣಾರ ಎನ್ನಲಿಲ್ಲ.